ಕಬ್ಬಿನ ಪಾಳಿಯ ಪೆನ್‌ಡ್ರೈವ್‌ಗಳು

ಕಂಪ್ಯೂಟರ್ ರಿಪೇರಿಗೆ ಹೋದವರಿಗೆ ನಮ್ಮ ಕಡೆ ಮೊದಲು ಚಹಾ ಕೊಡುತ್ತಾರೆ, ಆಮೇಲೆ ಸುಳ್ಳು ಹೇಳುತ್ತಾರೆ. “ನಾವೇನೂ ಮಾಡಿಲ್ಲ ನೋಡ್ರಿ, ಅದರಷ್ಟಕ್ಕ ಅದ ಬಂದ್ ಬಿತ್ತು” ಎನ್ನುವುದು ಆ ಸುಳ್ಳಿನ ಮೊದಲ ಸಾಲು. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ನಾನು ಹೇಳುವುದಿಷ್ಟೆ: ಚಹಾ ಕುಡಿಯಿರಿ, ಸುಳ್ಳು ಕೇಳಿಸಿಕೊಳ್ಳಿ, ಸಿಟ್ಟು ಮಾಡಬೇಡಿ. ಎರಡನೇ ಸಲ ಚಹಾ ಬರುವ ಹೊತ್ತಿಗೆ ನಿಜವೂ ಅದರ ಹಿಂದೆಯೇ ಬರುತ್ತದೆ. ನಾನು ಮೊದಲಿನಿಂದ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳು. ಇಷ್ಟನ್ನು ಕಲಿಯಲಿಕ್ಕೆ ಬಹಳ ವರ್ಷ ಹಿಡಿಯಿತು.

ನಾನು ದುಡಿದದ್ದು ಹಳಿಯಾಳದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಮನೆಮನೆಗೆ ಹೋಗಿ ರಿಪೇರಿ ಮಾಡುವುದು ನನ್ನ ಕೆಲಸ. ದಾಂಡೇಲಿ, ಜೋಯಿಡಾ, ಮುಂಡಗೋಡ, ಮೂರೂ ಕಡೆಯ ಓಡಾಟ ನನ್ನ ಪಾಲಿಗೇ ಬಂದಿತ್ತು. ಬಸ್ಸಿನಲ್ಲಿ ತೊಡೆಯ ಮೇಲೆ ಸಿಪಿಯು ಇಟ್ಟುಕೊಂಡು ಕೂತರೆ, ಅದಕ್ಕೂ ಅರ್ಧ ಟಿಕೀಟು ತೆಗೆಯಿರಿ ಎಂದು ಕಂಡಕ್ಟರ್ ಚೇಷ್ಟೆ ಮಾಡುತ್ತಿದ್ದ. ನನ್ನ ಹೆಸರು ಗಿರಿಜಾ ಎನ್ನುವುದು ಸಂಬಳ ಕೊಡುವವರಿಗೆ ಮಾತ್ರ ನೆನಪಿತ್ತು, ಉಳಿದವರಿಗೆಲ್ಲ ನಾನು ವೈರಸ್ ಅಕ್ಕಾರು. ಕರೋನಾ ಬಂದ ವರ್ಷ ದಾಂಡೇಲಿಯ ಓಣಿಯೊಂದರಲ್ಲಿ, ವೈರಸ್ ಅಕ್ಕಾರು ಬಂದಾರ ಎಂದು ಒಬ್ಬಾಕೆ ಒಳಗೆ ಕೂಗಿ ಹೇಳಿದ್ದೇ ತಡ, ಎದುರು ಸಾಲಿನ ಕದಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು.

ನಮ್ಮ ಮಾಲೀಕರು ಶಂಕ್ರಪ್ಪನವರು. ಅವರು ಕಂಪ್ಯೂಟರಿಗಿಂತ ಮೊದಲು ಪಂಪ್‌ಸೆಟ್ ಮಾರುತ್ತಿದ್ದರು, ಹಾಗಾಗಿ ಕಂಪ್ಯೂಟರನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದರು. ಮೋಟಾರು ಸುಟ್ಟರೆ ಹೊಸದಾಗಿ ವೈಂಡಿಂಗ್ ಮಾಡಿಸುವಂತೆ ಕಂಪ್ಯೂಟರ್ ಕೆಟ್ಟರೆ ಫಾರ್ಮ್ಯಾಟ್ ಮಾಡಬೇಕು ಎನ್ನುವುದು ಅವರ ಸಿದ್ಧಾಂತ. ಫಾರ್ಮ್ಯಾಟ್ ಎಂದರೆ ಒಳಗಿದ್ದದ್ದನ್ನೆಲ್ಲ ಗುಡಿಸಿ ಹಾಕಿ ಹೊಸದಾಗಿ ಶುರು ಮಾಡುವುದು. ನೆಗಡಿಗೆ ಮೂಗು ಕೊಯ್ದ ಹಾಗೆ ಎಂದು ನಾನು ಜಗಳ ತೆಗೆಯುತ್ತಿದ್ದೆ. ಅವರು ನಕ್ಕು ಬಿಡುತ್ತಿದ್ದರು. ಒಮ್ಮೆ ಒಬ್ಬ ಗಿರಾಕಿಗೆ, ಒಂದು ಆಂಟಿವೈರಸ್ ಇದ್ದರೆ ಒಳ್ಳೆಯದು ಎರಡಿದ್ದರೆ ಇನ್ನೂ ಒಳ್ಳೆಯದು ಎಂದು ಎರಡನ್ನೂ ಹಾಕಿಸಿ ಕಳಿಸಿದರು. ಒಂದೇ ಒಲೆಗೆ ಇಬ್ಬರು ಅತ್ತೆಯರು ನಿಂತಂತಾಯಿತು. ಇದು ಮುಟ್ಟಿದ್ದನ್ನು ಅದು ಹಿಡಿಯುವುದು, ಅದು ಹಿಡಿದದ್ದನ್ನು ಇದು ಕಸಿಯುವುದು. ಆ ಕಂಪ್ಯೂಟರ್ ಚಾಲೂ ಆಗುವಷ್ಟರಲ್ಲಿ ಮನೆಯವರ ಊಟ ಮುಗಿದಿರುತ್ತಿತ್ತು.

ಆಗಿನ ಮನೆಗಳಲ್ಲಿ ಕಂಪ್ಯೂಟರಿಗೆ ದೇವರ ಮನೆಯ ಮರ್ಯಾದೆ. ಚಪ್ಪಲಿ ಹೊರಗೆ ಬಿಡಬೇಕು, ಮೇಲೆ ಕಸೂತಿ ಬಟ್ಟೆ ಹೊದಿಸಬೇಕು, ದಸರೆಯ ಖಂಡೇಪೂಜೆಗೆ ವಿಭೂತಿ ಹಚ್ಚಬೇಕು. ಹೀಗೆ ಮಡಿಯಲ್ಲಿಟ್ಟರೆ ವೈರಸ್ ಬರುವುದಿಲ್ಲ ಎಂದು ಎಷ್ಟೋ ಜನ ನಂಬಿದ್ದರು. ಒಂದು ಮನೆಯಲ್ಲಂತೂ ಮುದುಕಿಯೊಬ್ಬರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಕಂಪ್ಯೂಟರಿಗೆ ದೃಷ್ಟಿ ತೆಗೆದರು. ನಿವಾಳಿಸುವಾಗ ಸೆರಗು ಸಿಕ್ಕಿ ಸಡಿಲಾಗಿದ್ದ ವೈರು ಒಳಗೆ ಕೂತಿತೋ ಏನೋ, ಕಂಪ್ಯೂಟರ್ ಚಾಲೂ ಆಯಿತು. ನಾನು ಹೋದಾಗ ಮುದುಕಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಚಹಾ ಕುಡಿದು ಸುಮ್ಮನೆ ಎದ್ದು ಬಂದೆ.

ಜೋಯಿಡಾದ ಕಥೆ ಬೇರೆ. ಅಲ್ಲಿ ಇಂಟರ್‌ನೆಟ್ ಇಲ್ಲ, ಇದ್ದರೂ ಮಳೆ ಬಂದರೆ ಇಲ್ಲ. ಆಂಟಿವೈರಸ್ ಹಾಕಿಸಿಕೊಂಡಿದ್ದೇವಲ್ಲ ಎಂದು ಜನ ಧೈರ್ಯವಾಗಿರುತ್ತಿದ್ದರು. ಅಪ್‌ಡೇಟ್ ಇಲ್ಲದ ಆಂಟಿವೈರಸ್ ಹೋದ ವರ್ಷದ ಪಂಚಾಂಗವಿದ್ದಂತೆ, ಗೋಡೆಯ ಮೇಲೆ ಚೆಂದ ಕಾಣುತ್ತದೆ, ಇವತ್ತಿನ ತಿಥಿ ಹೇಳುವುದಿಲ್ಲ. ನಾನು ಹಳಿಯಾಳದಲ್ಲಿ ಅಪ್‌ಡೇಟ್ ಇಳಿಸಿಕೊಂಡು, ಸಿಡಿಗೆ ಹಾಕಿ, ಬಸ್ಸಿನಲ್ಲಿ ಒಯ್ದು ಮನೆಮನೆಗೆ ಹಾಕಿ ಬರುತ್ತಿದ್ದೆ. ಸಿಡಿಯೇ ಯಾಕೆ ಎಂದರೆ, ಬರೆದು ಮುಗಿಸಿದ ಸಿಡಿಯೊಳಗೆ ವೈರಸ್ ಹೊಸದಾಗಿ ಹೊಕ್ಕಲಾರದು. ಪೆನ್‌ಡ್ರೈವ್ ಹಾಗಲ್ಲ, ಹೋದ ಮನೆಯಲ್ಲೆಲ್ಲ ಉಂಡು ಬರುತ್ತದೆ.

ಪೆನ್‌ಡ್ರೈವ್ ಬಂದ ಮೇಲೆಯೇ ನಮ್ಮ ನಿಜವಾದ ಕೆಲಸ ಶುರುವಾದದ್ದು. ಚುಚ್ಚಿದ ಕೂಡಲೇ ತಾನಾಗಿ ಓಡುವ ವೈರಸ್ ಮೊದಲು ಬಂತು. ಆ ತಾನಾಗಿ ಓಡುವ ವ್ಯವಸ್ಥೆಯನ್ನೇ ಬಂದ್ ಮಾಡಿ ಅದನ್ನು ಗೆದ್ದೆವು. ಆಮೇಲೆ ಶಾರ್ಟ್‌ಕಟ್ ವೈರಸ್ ಬಂತು. ಅದು ನಿಮ್ಮ ಫೋಟೊ, ಹಾಡು, ಪಾಠಗಳನ್ನೆಲ್ಲ ಬಚ್ಚಿಟ್ಟು, ಅವುಗಳ ಜಾಗದಲ್ಲಿ ಬಾಣದ ಗುರುತಿನ ಸುಳ್ಳು ಫೋಲ್ಡರ್ ತೋರಿಸುತ್ತದೆ. ಜನ ಅದನ್ನು ಒತ್ತುತ್ತಾರೆ, ವೈರಸ್ ಕಂಪ್ಯೂಟರಿನೊಳಗೆ ಇಳಿಯುತ್ತದೆ. ಎಲ್ಲ ಹೋಯಿತೆಂದು ಅತ್ತು ಫಾರ್ಮ್ಯಾಟ್ ಮಾಡಿಸುತ್ತಾರೆ. ಹೋಗಿರುವುದಿಲ್ಲ, ಅಲ್ಲೇ ಮರೆಯಲ್ಲಿ ಕೂತಿರುತ್ತದೆ. ಆದ್ದರಿಂದ ಹೇಳುತ್ತೇನೆ, ಯಾರಾದರೂ ಎಲ್ಲ ಹೋಯಿತು ಎಂದು ಅತ್ತರೆ ಮೊದಲು ಬಚ್ಚಿಟ್ಟದ್ದನ್ನು ತೋರಿಸುವ ಆಜ್ಞೆ ಕೊಟ್ಟು ನೋಡಿ, ಆಮೇಲೆ ಸಮಾಧಾನ ಹೇಳಿ.

ಕಂಡವರ ಪೆನ್‌ಡ್ರೈವನ್ನು ಹಾಗೇ ಚುಚ್ಚಬೇಡಿ ಎಂದು ನಾನು ಊರೂರಿಗೆ ಹೇಳಿದೆ. ಯಾರ ತಲೆಗೂ ಹೋಗಲಿಲ್ಲ. ಕೊನೆಗೆ ಅಂಗಡಿಯ ಬಾಗಿಲಲ್ಲೇ ಒಂದು ಹಳೆಯ ಕಂಪ್ಯೂಟರ್ ಇಟ್ಟೆ. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದೆ, ಉಳಿದ ಯಾವ ಕಂಪ್ಯೂಟರಿಗೂ ಅದನ್ನು ಜೋಡಿಸಲಿಲ್ಲ. ವಿಂಡೋಸಿಗೆಂದು ಹುಟ್ಟಿದ ವೈರಸ್ಸಿಗೆ ಅಲ್ಲಿ ಕಾಲೂರಲು ಜಾಗವಿಲ್ಲ. ಹೊರಗಿನಿಂದ ಬಂದ ಪೆನ್‌ಡ್ರೈವ್ ಮೊದಲು ಅಲ್ಲಿ ತಪಾಸಣೆಯಾಗಿಯೇ ಒಳಗೆ ಬರಬೇಕು. ಗಿರಾಕಿಗಳು ಗುರುಗುಟ್ಟಿದಾಗ ಕೇಳಿದೆ, ನಿಮ್ಮ ಮನೆಗೆ ಬಂದವರಿಗೆ ಮೊದಲು ಏನು ಕೊಡುತ್ತೀರಿ? ಕಾಲು ತೊಳೆಯಲಿಕ್ಕೆ ನೀರು ಎಂದರು. ಇದೂ ಅದೇ ಎಂದೆ. ಅಲ್ಲಿಂದ ಆ ಯಂತ್ರಕ್ಕೆ ಕಾಲು ತೊಳೆಯುವ ಕಂಪ್ಯೂಟರ್ ಎಂದೇ ಹೆಸರಾಯಿತು. ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ಹೇಳಿ ಆಗದ ಕೆಲಸ ಒಂದು ತಂಬಿಗೆ ನೀರಿನ ಮಾತಿನಲ್ಲಿ ಆಯಿತು. ಶಂಕ್ರಪ್ಪನವರು ಮಾತ್ರ ಅದರ ಪಕ್ಕ ನಿಜವಾಗಿಯೇ ಒಂದು ತಂಬಿಗೆ ಇಟ್ಟು ನನ್ನನ್ನು ರೇಗಿಸುತ್ತಿದ್ದರು.

ಇಷ್ಟಾದರೂ ಪ್ರತಿ ವರ್ಷ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಳ್ಳಿಗಳಿಂದ ಕರೆಯ ಮೇಲೆ ಕರೆ. ಎಲ್ಲ ಮನೆಯಲ್ಲೂ ಒಂದೇ ಜಾತಿಯ ವೈರಸ್. ಒಬ್ಬೊಬ್ಬರ ಮನೆಯಲ್ಲಿ ಎರಡನೇ ಚಹಾದವರೆಗೆ ಕೂತು ವಿಚಾರಿಸಿದ ಮೇಲೆ ಬೇರು ಸಿಕ್ಕಿತು. ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಪಾಳಿ ಹಚ್ಚಿ ನಿಲ್ಲುತ್ತವೆ. ಪಾಳಿ ಬರುವ ತನಕ ಚಾಲಕರು ಅಲ್ಲೇ ಅಡಿಗೆ ಮಾಡಿ ಉಣ್ಣುತ್ತಾರೆ, ಟ್ರೇಲರಿನ ನೆರಳಲ್ಲಿ ಮಲಗುತ್ತಾರೆ, ಜೋರಾಗಿ ಹಾಡು ಹಚ್ಚುತ್ತಾರೆ. ತನ್ನ ಹಾಡು ಬೇಸರವಾಯಿತೆಂದರೆ ಮುಂದಿನ ಟ್ರ್ಯಾಕ್ಟರಿನವನ ಪೆನ್‌ಡ್ರೈವ್ ಇಸಿದುಕೊಳ್ಳುವುದು, ತನ್ನದನ್ನು ಅವನಿಗೆ ಕೊಡುವುದು. ಹಾಗೆ ಇಸಿದುಕೊಂಡದ್ದನ್ನು ಮನೆಗೆ ಒಯ್ದು, ಮಕ್ಕಳು ಓದುವ ಕಂಪ್ಯೂಟರಿಗೆ ಚುಚ್ಚಿ ಹಾಡು ಇಳಿಸಿಕೊಳ್ಳುತ್ತಿದ್ದರು. ಕಬ್ಬು ಕಾರ್ಖಾನೆಗೆ ಹೋಗುತ್ತಿತ್ತು, ವೈರಸ್ ಮನೆಗೆ ಬರುತ್ತಿತ್ತು.

ನಾನು ಲ್ಯಾಪ್‌ಟಾಪ್ ಹೊತ್ತು ಪಾಳಿಗೇ ಹೋದೆ. ಒಬ್ಬೊಬ್ಬರ ಪೆನ್‌ಡ್ರೈವ್ ಇಸಿದುಕೊಂಡು, ಇದನ್ನೆಲ್ಲ ಫಾರ್ಮ್ಯಾಟ್ ಮಾಡಿಬಿಡೋಣ ಎಂದೆ. ವರ್ಷಗಟ್ಟಲೆ ಶಂಕ್ರಪ್ಪನವರ ಜೊತೆ ಜಗಳವಾಡಿದ ನಾನೇ ಉದ್ದ ಪಾಳಿಯನ್ನೂ ಬಿಸಿಲನ್ನೂ ನೋಡಿ ಅವರ ದಾರಿ ಹಿಡಿದಿದ್ದೆ. ಚಾಲಕರು ಒಪ್ಪಲಿಲ್ಲ. ಅವರಲ್ಲಿ ಮಾರುತಿ ಎಂಬ ಬಾಯಿಬಡುಕ, “ಹಾಡು ತಗದ್ರ ನಿದ್ದಿ ಬರ್ತೈತಿ ಅಕ್ಕಾರ, ಗಾಡಿ ಗಟಾರಕ್ಕ ಬೀಳ್ತೈತಿ. ನೀವು ಬಂದು ಎತ್ತತೀರೇನು?” ಎಂದ. ಬೇರೆ ದಾರಿಯಿಲ್ಲದೆ ಒಂದೂ ಹಾಡು ಅಳಿಸದೆ, ಬರೇ ವೈರಸ್ ಆರಿಸಿ ತೆಗೆಯುತ್ತ ಕೂತೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಇನ್ನು ಮೇಲೆ ಅದಲುಬದಲು ಮಾಡಬೇಡಿ ಎಂದೆ, ಎಲ್ಲರೂ ತಲೆಯಾಡಿಸಿದರು. ನಾನು ಬೆನ್ನು ತಿರುಗಿಸಿದ್ದೇ ಮತ್ತೆ ಶುರು ಹಚ್ಚಿಕೊಂಡರು. ಬೋರ್ಗಲ್ಲ ಮೇಲೆ ನೀರು ಹೊಯ್ದಂತಾಯಿತು.

ನನ್ನ ನಿವೃತ್ತಿಯ ಹಿಂದಿನ ಹಂಗಾಮು ಮುಗಿದ ಮೇಲೆ ನಡೆದದ್ದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ. ಆ ಪಾಳಿಯಲ್ಲಿ ಬಸ್ತ್ಯಾಂವ ಎಂಬ ಸಿದ್ದಿ ಸಮುದಾಯದ ಚಾಲಕನಿದ್ದ. ಸ್ವಂತ ಟ್ರ್ಯಾಕ್ಟರ್, ಮಾತು ಕಡಿಮೆ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ ಒಳಗೆ ಅವನ ಊರು. ಅವನ ಮಗಳು ಫಿಲೋಮಿನಾ, ಎಲ್ಲರ ಬಾಯಲ್ಲಿ ಫಿಲು, ಕಾಲೇಜು ಮುಗಿಸಿ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಊರವರ ಅರ್ಜಿ ತುಂಬಿಕೊಡುತ್ತಿದ್ದಳು. ಅವಳ ಮದುವೆ ಗೊತ್ತಾಗಿತ್ತು. ಒಂದು ಮುಂಜಾನೆ ಅವಳ ಫೋನು ಬಂತು, ಫೈಲುಗಳ ಹೆಸರೆಲ್ಲ ಬದಲಾಗಿವೆ, ಯಾವುದೂ ತೆರೆಯುತ್ತಿಲ್ಲ ಎಂದು. ನಾನು ಸಿಕ್ಕ ಬಸ್ಸು ಹತ್ತಿದೆ.

ಆ ಮನೆಯಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಚಹಾಕ್ಕೆ ಮೊದಲೇ ಫಿಲು ನಿಜ ಹೇಳಿದಳು. ಅವರ ಊರಲ್ಲಿ ಮದುವೆಯ ಹಿಂದಿನ ಸಂಜೆ ಹೆಣ್ಣನ್ನು ನಡುವೆ ಕೂರಿಸಿಕೊಂಡು ಹೆಂಗಸರು ಅವರ ಕೊಂಕಣಿಯಲ್ಲಿ ಒಂದು ಹಾಡು ಹೇಳುತ್ತಾರೆ. ನುಡಿಗಳನ್ನು ಹೇಳುವವರು ಅವಳ ಅಜ್ಜಿ ರೋಜಿನ್ ಬಾಯಿ, ಉಳಿದವರು ಪಲ್ಲವಿಗೆ ದನಿಗೂಡಿಸುವವರು. ಎಷ್ಟೋ ವರ್ಷ ಹಾಗೇ ನಡೆದು, ಪೂರ್ತಿ ಹಾಡು ಅಜ್ಜಿಗಲ್ಲದೆ ಯಾರಿಗೂ ಬರುತ್ತಿರಲಿಲ್ಲ. ಅಜ್ಜಿ ಇದ್ದಾರಲ್ಲ ಎಂಬ ಧೈರ್ಯ. ಆಮೇಲೆ ಅಜ್ಜಿಗೆ ಗಂಟಲಿನ ಆಪರೇಶನ್ ಆಗಿ ದನಿ ಹೋಯಿತು, ಪಿಸುಮಾತಷ್ಟೇ ಉಳಿಯಿತು. ಆಗಲೂ ಯಾರೂ ಕಲಿಯಲಿಲ್ಲ. ಆಪರೇಶನ್ನಿಗೆ ಮೊದಲು ಬಸ್ತ್ಯಾಂವ ಫೋನಿನಲ್ಲಿ ಹಾಡನ್ನು ಹಿಡಿದಿಟ್ಟಿದ್ದ, ಅದು ಇದೆಯಲ್ಲ ಎಂಬ ಇನ್ನೊಂದು ಧೈರ್ಯ. ಫೋನು ಕಾಲುವೆಗೆ ಬಿದ್ದು ಹೋಗಿತ್ತು. ಹಾಡು ಕಂಪ್ಯೂಟರಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಉಳಿದಿತ್ತು.

ತನ್ನ ಮದುವೆಗೆ ಆ ಹಾಡು ಚೆನ್ನಾಗಿ ಕೇಳಲಿ, ಹಿಂದಿನ ನಾಯಿ ಬೊಗಳುವ ಸದ್ದು ತೆಗೆಯೋಣ ಎಂದು ಫಿಲು ಯಾರೋ ಕೊಟ್ಟ ಕದ್ದ ಸಾಫ್ಟ್‌ವೇರ್ ಒಂದನ್ನು ಹಾಕಿದ್ದಳು. ಆಂಟಿವೈರಸ್ ಎಚ್ಚರಿಕೆ ಕೊಟ್ಟಾಗ ಅದನ್ನೇ ಬಂದ್ ಮಾಡಿದ್ದಳು. ಒಳಗೆ ಕೂತಿದ್ದದ್ದು ಫೈಲುಗಳಿಗೆಲ್ಲ ಬೀಗ ಜಡಿದು ರೊಕ್ಕ ಕೇಳುವ ಜಾತಿಯ ವೈರಸ್. ಪೆನ್‌ಡ್ರೈವ್ ಕಂಪ್ಯೂಟರಿಗೆ ಚುಚ್ಚಿಯೇ ಇತ್ತು, ಅದರೊಳಗಿನ ಹಾಡಿಗೂ ಬೀಗ ಬಿತ್ತು. ಕಾಪಿ ಇಟ್ಟದ್ದೇನೋ ಸರಿ, ಅದನ್ನು ಮೂಲದ ಬೆನ್ನಿಗೇ ಕಟ್ಟಿಟ್ಟರೆ ಮನೆಗೆ ಬೆಂಕಿ ಬಿದ್ದಾಗ ಎರಡೂ ಸುಡುತ್ತವೆ. ಇದನ್ನು ದಯವಿಟ್ಟು ನಿಮ್ಮ ಪ್ರತಿ ಗಿರಾಕಿಗೂ ಹೇಳಿ: ಕಾಪಿ ಮಾಡಿದ ಮೇಲೆ ಕಿತ್ತು ಕಪಾಟಿನಲ್ಲಿಡಿ.

ಸಂಜೆಯ ತನಕ ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿದೆ. ಕೆಲವು ಬೀಗಗಳಿಗೆ ಕೀಲಿ ಸಿಗುತ್ತದೆ, ಇದಕ್ಕೆ ಸಿಗಲಿಲ್ಲ. ಕಳ್ಳನಿಗೆ ರೊಕ್ಕ ಕೊಡಬೇಡಿ, ಕೊಟ್ಟರೂ ಕೀಲಿ ಬರುತ್ತದೆಂಬ ಭರವಸೆಯಿಲ್ಲ ಎಂದೆ. ನನ್ನ ಕೈಯಿಂದ ಆಗುವುದಿಲ್ಲ ಎನ್ನುವ ಮಾತನ್ನು ನಾನು ಬಹಳ ಸಲ ಹೇಳಿದವಳು, ಆದರೆ ಆ ದಿನ ಬಾಯಿ ಬರಲಿಲ್ಲ. ರೋಜಿನ್ ಬಾಯಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಫಿಲುವೇ ಹೇಳಿದಳು, “ಅಕ್ಕಾರ, ಅಜ್ಜಿ ದನಿ ನಾನ ಕಳದೆ ರೀ.”

ಅಳುವುದಕ್ಕಿಂತ ಬೈಯುವುದು ನನಗೆ ಸುಲಭ. ಬಸ್ತ್ಯಾಂವನ ಕಡೆ ತಿರುಗಿ, ಈ ಪೆನ್‌ಡ್ರೈವನ್ನು ಪಾಳಿಯಲ್ಲಿ ಯಾರ್ಯಾರಿಗೆ ಕೊಟ್ಟಿದ್ದಿರಿ, ಅವರನ್ನೂ ಎಚ್ಚರಿಸಬೇಕು ಎಂದು ದಬಾಯಿಸಿದೆ. ಪಾಪ, ಅವನು ತಪ್ಪಿತಸ್ಥನಂತೆ ಒಬ್ಬೊಬ್ಬರ ಹೆಸರು ಹೇಳತೊಡಗಿದ. ಅವನು ಹೇಳುತ್ತಿದ್ದಂತೆ ಫಿಲು ತಲೆಯೆತ್ತಿದಳು.

“ಅಪ್ಪಾ, ನೀ ಕೊಡುವಾಗ ಅಜ್ಜಿ ಹಾಡು ಅದರಾಗ ಇತ್ತಲ್ಲ?”

ಇಸಿದುಕೊಂಡವರಲ್ಲಿ ಯಾರಾದರೂ ಆ ಹಾಡನ್ನೂ ಇಳಿಸಿಕೊಂಡಿರಬಹುದಿತ್ತು. ಯಾವ ಅದಲುಬದಲಿನ ವಿರುದ್ಧ ನಾನು ಇಡೀ ಹಂಗಾಮು ಗಂಟಲು ಹರಿದುಕೊಂಡಿದ್ದೆನೋ, ಅದೇ ನಡೆದಿರಲಪ್ಪ ದೇವರೇ ಎಂದು ಬೇಡಿಕೊಂಡೆ.

ವೈರಸ್ಸಿನ ಜಾಡು ಹಿಡಿದು ಹೋದ ದಾರಿಯಲ್ಲೇ ಈಗ ಹಾಡಿನ ಜಾಡು ಹಿಡಿದೆವು. ಮೊದಲನೆಯವನು ಹೊಸ ಸಿನಿಮಾ ಹಾಡು ತುಂಬಿಸಲು ಹಳೆಯದೆಲ್ಲ ಅಳಿಸಿದ್ದ. ಇನ್ನೊಬ್ಬನ ಪೆನ್‌ಡ್ರೈವ್ ಎಮ್ಮೆ ತುಳಿದು ಪುಡಿಯಾಗಿತ್ತು. ಮತ್ತೊಬ್ಬ ಬಹಳ ವಿನಯದಿಂದ, ಅಕ್ಕಾರು ಹೇಳಿದ ಮೇಲೆ ಬುದ್ಧಿ ಬಂದು ಫಾರ್ಮ್ಯಾಟ್ ಮಾಡಿಸಿಬಿಟ್ಟೆ ಎಂದ. ಇಡೀ ಪಾಳಿಯಲ್ಲಿ ನನ್ನ ಮಾತು ಕೇಳಿದ ಒಬ್ಬನೇ ಒಬ್ಬ ಅವನು, ಅವನನ್ನು ಹೊಗಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಕೊನೆಗೆ ಉಳಿದವನು ಬಾಯಿಬಡುಕ ಮಾರುತಿ. ಅವನ ಪೆನ್‌ಡ್ರೈವ್ ಕಳೆದುಹೋಗಿತ್ತು. ಆದರೆ ಮೆಕ್ಕೆಜೋಳ ಹೇರಲು ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದಾಗ, ಅಲ್ಲಿನ ಒಂದು ಮನೆಯ ಮುದುಕಿ ಟ್ರ್ಯಾಕ್ಟರಿನ ಹಾಡು ಕೇಳಿ ಇಷ್ಟಪಟ್ಟರೆಂದು ಎಲ್ಲ ಹಾಡುಗಳನ್ನು ಅವರ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಮನೆಯ ಗುರುತು ಹೇಳಿದ.

ಮರುದಿನ ಫಿಲುವನ್ನು ಕರೆದುಕೊಂಡು ಮುಂಡಗೋಡಕ್ಕೆ ಹೋದೆ. ಮನೆಯ ಮಗ ತ್ಸೇರಿಂಗ್ ಚಳಿಗಾಲದಲ್ಲಿ ಹೊರಗಿನ ಊರುಗಳಲ್ಲಿ ಸ್ವೆಟರ್ ಮಾರಿ ಬರುವವನು, ನಮ್ಮ ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದ. ತನ್ನ ತಾಯಿಯನ್ನು ಅವರ ಮಾತಿನಲ್ಲಿ ಅಮಾಲಾ, ಎಂದರೆ ಅಮ್ಮ, ಎಂದು ಕರೆಯುತ್ತಿದ್ದ. ಅಮಾಲಾ ಬೆಣ್ಣೆ ಉಪ್ಪು ಹಾಕಿದ ಚಹಾ ತಂದಿಟ್ಟರು. ನಾವು ಬಂದ ಕಾರಣ ಕೇಳಿ ತ್ಸೇರಿಂಗ್ ಮುಖ ಸಣ್ಣದು ಮಾಡಿಕೊಂಡ. “ಆ ಹಾಡು ಎಲ್ಲಾ ಹೋದವು ರೀ ಅಕ್ಕಾರ. ಒಂದು ದಿವಸ ನೋಡಿದ್ರ ಬರೇ ಬಾಣದ ಗುರುತು. ಒಗೀಬೇಕಂತ ಇಟ್ಟೇನಿ.”

ಬಾಣದ ಗುರುತು ಎಂದದ್ದೇ ನಾನು ಚಹಾದ ಲೋಟ ಕೆಳಗಿಟ್ಟೆ. ಜೀವಮಾನವಿಡೀ ಆ ಶಾರ್ಟ್‌ಕಟ್ ವೈರಸ್ಸನ್ನು ಶಪಿಸಿದವಳು ಅವತ್ತು ಅದರ ಹೆಸರು ಕೇಳಿ ಹಿಗ್ಗಿದೆ. ತ್ಸೇರಿಂಗ್ ತಂದುಕೊಟ್ಟದ್ದು ನಾನು ಕಂಡ ಪೆನ್‌ಡ್ರೈವ್‌ಗಳಲ್ಲೆಲ್ಲ ಹೊಲಸಾದದ್ದು, ಯಾವ ಕಾಲದ ಯಾವ ವೈರಸ್ ಕೇಳಿದರೂ ಅದರಲ್ಲಿತ್ತು. ಲಿನಕ್ಸ್ ಇದ್ದ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಬಚ್ಚಿಟ್ಟ ಫೈಲುಗಳು ಸಾಲಾಗಿ ಕಂಡವು. ಹಾಡುಗಳಿಗೆ ಹೆಸರಿರಲಿಲ್ಲ, ಬರೇ ಅಂಕಿಗಳು. ಒಂದೊಂದಾಗಿ ಹಚ್ಚುತ್ತ ಹೋದೆ. ಸಿನಿಮಾ ಹಾಡು, ಭಜನೆ, ಮತ್ತೆ ಸಿನಿಮಾ ಹಾಡು. ಆಮೇಲೆ ಒಂದರಲ್ಲಿ ನಾಯಿ ಬೊಗಳಿತು, ಪಾತ್ರೆ ಸದ್ದಾಯಿತು, ಯಾರೋ ಕೆಮ್ಮಿದರು. ಫಿಲು ನನ್ನ ತೋಳು ಹಿಡಿದಳು. ರೋಜಿನ್ ಬಾಯಿಯ ದನಿ ಎದ್ದಿತು, ಸ್ವಲ್ಪ ಒರಟು, ಆದರೆ ತುಂಬಿದ ದನಿ.

ಫಿಲು ನೆಲದ ಮೇಲೆ ಕೂತು ಅಳುತ್ತ ನಗುತ್ತ ಇದ್ದಳು. ಬಾಗಿಲಲ್ಲಿದ್ದ ಅಮಾಲಾ ಗುರುತು ಹಿಡಿದು ತಲೆದೂಗತೊಡಗಿದರು. ಹಾಡಿನ ಒಂದು ಶಬ್ದವೂ ಅವರಿಗೆ ತಿಳಿಯದು, ಮೆಕ್ಕೆಜೋಳ ಬಿಡಿಸುವಾಗ ಇದನ್ನೇ ಹಚ್ಚಿಸಿಕೊಳ್ಳುತ್ತಿದ್ದರಂತೆ. ಅಲ್ಲೇ ಕೂತು ಹಾಡನ್ನು ವೈರಸ್ಸಿನಿಂದ ಬಿಡಿಸಿ, ನಾಯಿಯ ಬೊಗಳುವಿಕೆ ಸಮೇತ ಎರಡು ಸಿಡಿ ಬರೆದೆ. ಒಂದನ್ನು ಫಿಲುವಿಗೆ ಕೊಟ್ಟೆ, ಇನ್ನೊಂದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಅಮಾಲಾ ಅವರ ಪೆನ್‌ಡ್ರೈವನ್ನೂ ಕಂಪ್ಯೂಟರನ್ನೂ ಸ್ವಚ್ಛ ಮಾಡಿಕೊಟ್ಟು, ಉಪ್ಪಿನ ಚಹಾ ಇನ್ನೊಂದು ಲೋಟ ಕುಡಿದು ಬಸ್ಸು ಹತ್ತಿದೆವು.

ಮದುವೆಯ ಹಿಂದಿನ ಸಂಜೆ ನಾನೂ ಹೋಗಿದ್ದೆ. ಅಂಗಳದಲ್ಲಿ ಫಿಲುವನ್ನು ಕೂರಿಸಿ ಹೆಂಗಸರು ಸುತ್ತ ಕೂತಿದ್ದರು. ದೊಡ್ಡ ಸ್ಪೀಕರ್ ಇದ್ದದ್ದು ಟ್ರ್ಯಾಕ್ಟರಿನಲ್ಲೇ, ಆದ್ದರಿಂದ ಬಸ್ತ್ಯಾಂವ ಅದನ್ನೇ ಅಂಗಳಕ್ಕೆ ತಂದು ನಿಲ್ಲಿಸಿ ಹಾಡು ಹಚ್ಚಿದ. ರೋಜಿನ್ ಬಾಯಿ ಮೊಮ್ಮಗಳ ಪಕ್ಕ ಕಣ್ಣು ಮುಚ್ಚಿ ಕೂತು ತಮ್ಮ ದನಿಯನ್ನು ತಾವೇ ಕೇಳುತ್ತಿದ್ದರು. ಹೆಂಗಸರು ಪಲ್ಲವಿಗೆ ದನಿಗೂಡಿಸಿದರು. ಮೂರನೇ ನುಡಿ ಬಂದಾಗ ಅಜ್ಜಿ ಥಟ್ಟನೆ ಕೈ ಎತ್ತಿದರು. ಏನಾಯಿತೋ ಎಂದು ಬಸ್ತ್ಯಾಂವ ಗಾಬರಿಯಿಂದ ಹಾಡು ನಿಲ್ಲಿಸಿದ. ಅಜ್ಜಿ ಫಿಲುವನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಏನೋ ಉಸುರಿದರು. ಫಿಲು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು.

“ಈ ಸಾಲು ತಪ್ಪು ಹಾಡೇನಿ ಅಂತಾಳ ಅಜ್ಜಿ. ಅವತ್ತ ಒಲಿಮ್ಯಾಲಿನ ಹಾಲಿನ ಕಡೆ ಲಕ್ಷ್ಯ ಇತ್ತಂತ.”

ಹಾಗಾದರೆ ಸರಿಯಾದದ್ದು ಯಾವುದು ಎಂದು ಹೆಂಗಸರು ಕೇಳಿದರು. ಅಜ್ಜಿ ಮತ್ತೆ ಕಿವಿಯಲ್ಲಿ ಹೇಳಿದರು, ಫಿಲು ಅದನ್ನು ಹಾಡಿ ತೋರಿಸಿದಳು. ಅಜ್ಜಿ ತಲೆಯಾಡಿಸಿ, ರಾಗ ಹಾಗಲ್ಲ ಎಂದು ಕೈಯಲ್ಲಿ ತೋರಿಸಿದರು. ಫಿಲು ಇನ್ನೊಮ್ಮೆ ಹಾಡಿದಳು. ಈ ಸಲ ಸುತ್ತಲಿನವರೂ ಸೇರಿಕೊಂಡರು. ಮುಂದಿನ ಸಾಲಿಗೆ ಮತ್ತೆ ಅಜ್ಜಿಯ ತುಟಿ ಅವಳ ಕಿವಿಗೆ ಹೋಯಿತು, ಅದರ ಮುಂದಿನದಕ್ಕೂ ಹೋಯಿತು. ಬಸ್ತ್ಯಾಂವ ಟ್ರ್ಯಾಕ್ಟರಿನ ಮೇಲೆ ಗುಂಡಿಯ ಹತ್ತಿರ ಬೆರಳು ಇಟ್ಟುಕೊಂಡು ಬಹಳ ಹೊತ್ತು ಕಾದ. ಮತ್ತೆ ಹಚ್ಚು ಎಂದು ಅವನಿಗೆ ಯಾರೂ ಹೇಳಲಿಲ್ಲ.